ತಿಂಗಳಿಗೆ ಐದು ನಿಮಿಷ: ಓಡದೆ ನಿಂತಿದ್ದ ಒಂದು ಫೆರಾರಿಯ ಪ್ರಕರಣ

ಈ ಕಾರಿನ ಮನೆಯವರು ಒಪ್ಪಿಗೆ ಕೊಟ್ಟ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಇಂಥ ಕಾರುಗಳು ಬೆರಳೆಣಿಕೆಯಷ್ಟೇ ಇವೆ. ಹಾಗಾಗಿ ಬಡಾವಣೆ, ಬಣ್ಣ, ನಂಬರು ಯಾವುದನ್ನೂ ಹೇಳುವುದಿಲ್ಲ. ಇಸವಿಗಳನ್ನು, ಕಿಲೋಮೀಟರ್ ಲೆಕ್ಕವನ್ನು ಒಂಚೂರು ಹಿಂದೆ ಮುಂದೆ ಮಾಡಿದ್ದೇನೆ. ಕೆಲಸದ ವಿವರ ಮಾತ್ರ ನಡೆದದ್ದು ನಡೆದ ಹಾಗೆ.

ನನ್ನದು ಪೀಣ್ಯದ ಕಡೆ ಒಂದು ಸಣ್ಣ ಗ್ಯಾರೇಜು. ಹಳೆಯ ವಿದೇಶಿ ಕಾರುಗಳ ಕೆಲಸ ಜಾಸ್ತಿ. ಎಷ್ಟೋ ಜನ ತಮ್ಮ ಕಾರು ಕಡಿಮೆ ಓಡಿದೆ, ಹಾಗಾಗಿ ಹೊಸದರಂತೆಯೇ ಇದೆ ಅಂದುಕೊಂಡಿರುತ್ತಾರೆ. ಈ ಪ್ರಕರಣ ಅವರಿಗಾಗಿ. ನನ್ನಂಥ ಮೆಕ್ಯಾನಿಕ್‌ಗಳಿಗೂ ಇದರಲ್ಲಿ ವಿಷಯ ಇದೆ. ಇದರಲ್ಲಿ ಆದ ಎರಡು ತಪ್ಪುಗಳು ನನ್ನವೇ.

ಹಿನ್ನೆಲೆ

ಕಾರು ಫೆರಾರಿ 360 ಮೊಡೆನಾ, 2003ರದ್ದು. 1999ರಲ್ಲಿ ಹೊರಬಂದ ಮಾದರಿ ಇದು. ನಡುವಿನಲ್ಲಿ 3.6 ಲೀಟರಿನ ಎಂಟು ಸಿಲಿಂಡರ್ ಎಂಜಿನ್, 400 ಅಶ್ವಶಕ್ತಿ. ಚಾಸಿ ಪೂರ್ತಿ ಅಲ್ಯೂಮಿನಿಯಂ. ನಮ್ಮ ದೇಶದಲ್ಲಿ ಈ ಮಾದರಿ ಅಂದರೆ ಜನಕ್ಕೆ ನೆನಪಾಗುವುದು ಸಚಿನ್ ತೆಂಡೂಲ್ಕರ್. ಅವರು ಟೆಸ್ಟ್‌ನಲ್ಲಿ 29 ಶತಕ ಹೊಡೆದು ಬ್ರಾಡ್ಮನ್ ಅವರ ಸಮಕ್ಕೆ ಬಂದಾಗ, 2002ರಲ್ಲಿ ಉಡುಗೊರೆಯಾಗಿ ಸಿಕ್ಕಿದ್ದು ಇದೇ 360 ಮೊಡೆನಾ. ಫೆರಾರಿ ಕಂಪನಿ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2011ರಲ್ಲಿ. ಅಂದರೆ ಅದಕ್ಕಿಂತ ಹಿಂದಿನ ಕಾರುಗಳೆಲ್ಲ ಯಾರೋ ಒಬ್ಬರು ಆಸೆಪಟ್ಟು, ಸುಂಕ ಕಟ್ಟಿ ಹೊರಗಿನಿಂದ ತರಿಸಿಕೊಂಡವು.

ನಾನು ಹೇಳುತ್ತಿರುವ ಕಾರನ್ನು ಬೆಂಗಳೂರಿನ ಒಬ್ಬ ಉದ್ಯಮಿ ಎರಡನೇ ಮಾಲೀಕರಾಗಿ ಕೊಂಡಿದ್ದರು. ತುಂಬ ಪ್ರೀತಿಯ ಕಾರು. ಮೊದಲ ಕೆಲವು ವರ್ಷ ಭಾನುವಾರ ಬೆಳಗ್ಗೆ ಓಡಿಸುತ್ತಿದ್ದರು. ಆಮೇಲೆ ಊರಿನ ಟ್ರಾಫಿಕ್ಕು, ಹಂಪುಗಳು, ಬೆನ್ನು ನೋವು. ಕಾರು ನೆಲಮಾಳಿಗೆ ಸೇರಿತು. 2011ರಲ್ಲಿ ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಇದೆ. ಅದೇ ಕೊನೆಯ ದೊಡ್ಡ ಸರ್ವಿಸ್. 2021ರಲ್ಲಿ ಅವರು ತೀರಿಕೊಂಡರು. ಮೀಟರಿನಲ್ಲಿ 14,212 ಕಿಲೋಮೀಟರ್.

ಮನೆಯಲ್ಲಿ ಇಪ್ಪತ್ತೈದು ವರ್ಷದಿಂದ ಇರುವ ಡ್ರೈವರ್ ಒಬ್ಬರಿದ್ದಾರೆ. ಯಜಮಾನರ ಮಗಳು ಚಿಕ್ಕವಳಿದ್ದಾಗ ಶಾಲೆಗೆ ಬಿಟ್ಟುಬರುತ್ತಿದ್ದವರು. ಈಗಲೂ ಅವರನ್ನು ಆಕೆ ಅಣ್ಣ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಯಜಮಾನರು ಅವರಿಗೆ ಒಂದು ಕೆಲಸ ಒಪ್ಪಿಸಿದ್ದರು. ಪ್ರತಿ ತಿಂಗಳ ಒಂದನೇ ತಾರೀಖು ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡಬೇಕು. ಆಯುಧಪೂಜೆ ದಿನ ಹೊರಗೆ ತಂದು, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಕುಂಬಳಕಾಯಿ ಒಡೆದು ಮತ್ತೆ ಒಳಗಿಡಬೇಕು. ಯಜಮಾನರು ಹೋದ ಮೇಲೂ ಅಣ್ಣ ಒಂದು ತಿಂಗಳೂ ತಪ್ಪಿಸಲಿಲ್ಲ. 2023ರ ಮಾರ್ಚ್‌ನಲ್ಲಿ ಬ್ಯಾಟರಿ ಸತ್ತಿತು. ಅಲ್ಲಿಗೆ ನಿಂತಿತು.

ಕರೆ ಬಂದದ್ದು

ಜುಲೈನಲ್ಲಿ ಮಗಳು ಫೋನ್ ಮಾಡಿದರು. ಅವರಿಗೆ ಕಾರು ಮಾರಬೇಕಿತ್ತು. ಒಬ್ಬ ಬ್ರೋಕರ್ ಗಿರಾಕಿ ಹಿಡಿದು ತಂದಿದ್ದ. ಗಿರಾಕಿಗೆ ಎಂಜಿನ್ ಸದ್ದು ಕೇಳಬೇಕಂತೆ. "ಹೊಸ ಬ್ಯಾಟರಿ ಹಾಕಿ ಒಂದು ಸೆಲ್ಫ್ ಹೊಡೆದು ತೋರಿಸಿ ಸಾಕು ಸಾರ್, ಭಾನುವಾರ ಬರ್ತಾರೆ" ಅಂದರು.

ನಾನು ಹೋಗಿ ನೋಡಿದೆ. ಮೇಲಿನಿಂದ ನೋಡಿದರೆ ಷೋರೂಮಿನಿಂದ ಈಗ ತಾನೇ ಬಂದಂತಿತ್ತು. ಬಣ್ಣ ಹೊಳೆಯುತ್ತಿತ್ತು. ಸೀಟಿನ ಚರ್ಮದಲ್ಲಿ ಒಂದು ಬಿರುಕಿಲ್ಲ. ಒಳಗಿನ ಸ್ವಿಚ್ಚುಗಳು ಮಾತ್ರ ಬೆಲ್ಲ ಸವರಿದ ಹಾಗೆ ಅಂಟಂಟು. ಆ ಕಾಲದ ಹಲವು ದುಬಾರಿ ಕಾರುಗಳಲ್ಲಿ ಪ್ಲಾಸ್ಟಿಕ್ ಮೇಲೆ ಒಂದು ಮೆತ್ತನೆಯ ಲೇಪನ ಇರುತ್ತಿತ್ತು. ಕಾಲ ಕಳೆದಂತೆ, ತೇವಕ್ಕೆ ಅದು ಕರಗಿ ಅಂಟಾಗುತ್ತದೆ.

ಟೈರಿನ ಗೋಡೆ ಮೇಲಿನ ನಾಲ್ಕು ಅಂಕಿ ಓದಿದೆ: 2310. ಅಂದರೆ 2010ರ 23ನೇ ವಾರ ತಯಾರಾದದ್ದು. ಹದಿಮೂರು ವರ್ಷದ ಟೈರು. ಗಾಡಿ ಓಡದ್ದರಿಂದ ಹಲ್ಲು ಹಾಗೇ ಇತ್ತು. ಉಗುರಿನಿಂದ ಒತ್ತಿದರೆ ಕಲ್ಲು. ಆಯಿಲ್ ಹಾಕುವ ಮುಚ್ಚಳ ತೆಗೆದೆ. ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಕೆನೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆಯೇ ಅಲ್ಲ, ಹಳೇ ವಾರ್ನಿಷ್ ವಾಸನೆ.

ಅಲ್ಲೇ ನಿಂತಿದ್ದ ಅಣ್ಣನನ್ನು ಕೇಳಿದೆ. ಅವರು ಹೆಮ್ಮೆಯಿಂದ ಹೇಳಿದರು, "ತಿಂಗಳಿಗೊಂದ್ಸಲ ಐದು ನಿಮಿಷ, ಒಂದು ತಿಂಗಳೂ ಬಿಟ್ಟಿಲ್ಲ."

ನಾನು ತಟ್ಟನೆ ಅಂದುಬಿಟ್ಟೆ, "ಅದೇ ತಪ್ಪಾಗಿರೋದು."

ಇದು ನನ್ನ ಮೊದಲ ತಪ್ಪು. ಹೇಳಿದ ವಿಷಯ ಸರಿ, ಹೇಳಿದ ರೀತಿ ಸರಿಯಿರಲಿಲ್ಲ. ಅವರ ಮುಖ ಸಣ್ಣದಾಯಿತು. ಅದರಿಂದ ಏನಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಐದು ನಿಮಿಷದಲ್ಲಿ ಆಗುವುದೇನು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದರೆ ನಮ್ಮೂರಿನಲ್ಲಿ ನಿಲ್ಲಿಸಿಟ್ಟ ಕಾರಿಗೆ ಎಲ್ಲರೂ ಕೊಡುವ ಮದ್ದು ಇದೊಂದೇ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಕಾರು ಓಡಿ ಬಿಸಿಯಾದಾಗ ಅದು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ತಣ್ಣಗಿರುವ ಎಂಜಿನ್ನನ್ನು ಐದು ನಿಮಿಷ ನಿಂತಲ್ಲೇ ಓಡಿಸಿ ಆಫ್ ಮಾಡಿದರೆ ಆ ನೀರಿಗೆ ಹೊರಗೆ ಹೋಗುವಷ್ಟು ಬಿಸಿ ಸಿಗುವುದಿಲ್ಲ. ಸೈಲೆನ್ಸರ್ ಒಳಗೆ ನಿಲ್ಲುತ್ತದೆ. ಪಿಸ್ಟನ್ ಪಕ್ಕದಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ತಣ್ಣನೆಯ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಸುರಿಯುವುದರಿಂದ ಅದರಲ್ಲೂ ಒಂದಿಷ್ಟು ಆಯಿಲ್‌ಗೆ ಇಳಿಯುತ್ತದೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯಿಂದ ಖರ್ಚಾದದ್ದನ್ನು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಐದು ನಿಮಿಷದಲ್ಲಿ ಪೂರ್ತಿ ತುಂಬುವುದೂ ಇಲ್ಲ. ಇದನ್ನು ಹನ್ನೆರಡು ವರ್ಷ, ತಿಂಗಳಿಗೊಂದು ಸಲ ಮಾಡಿದರೆ? ಮುಚ್ಚಳದಡಿ ಕಂಡ ಕೆನೆ ಅದೇ.

ಅದಕ್ಕಿಂತ ದೊಡ್ಡ ಅಪಾಯ ಬೆಲ್ಟಿನದ್ದು. ಈ ಎಂಜಿನ್‌ನಲ್ಲಿ ಸಿಲಿಂಡರಿಗೆ ಐದರಂತೆ 40 ವಾಲ್ವುಗಳಿವೆ. ವಾಲ್ವು ತೆರೆಯುವ ಹೊತ್ತು, ಪಿಸ್ಟನ್ ಮೇಲೆ ಬರುವ ಹೊತ್ತು, ಎರಡನ್ನೂ ಜೋಡಿಸಿಡುವುದು ಎರಡು ರಬ್ಬರ್ ಬೆಲ್ಟುಗಳು. ಒಂದು ಹರಿದರೆ, ಇಲ್ಲವೇ ನಾಲ್ಕು ಹಲ್ಲು ಜಾರಿದರೆ, ಪಿಸ್ಟನ್ ಹೋಗಿ ತೆರೆದ ವಾಲ್ವಿಗೆ ಗುದ್ದುತ್ತದೆ. ಆಮೇಲೆ ಎಂಜಿನ್ ಇಳಿಸಿ ಬಿಚ್ಚಲೇಬೇಕು. ಇಂಥ ಬೆಲ್ಟುಗಳನ್ನು ಕಿಲೋಮೀಟರ್ ನೋಡದೆ ಮೂರು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹೇಳುವುದು ಅದಕ್ಕೇ. ಐದು ವರ್ಷದ ತನಕ ಎಳೆಯುವವರೂ ಇದ್ದಾರೆ. ಇಲ್ಲಿ ಹನ್ನೆರಡು ಆಗಿತ್ತು. ಓಡದ ಕಾರಿನಲ್ಲಿ ಬೆಲ್ಟು ಪುಲ್ಲಿಯ ಸುತ್ತ ಬಿಗಿಯಾಗಿ ಬಾಗಿ, ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಇರುತ್ತದೆ. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಬೇರಿಂಗಿನಲ್ಲಿ ಗ್ರೀಸು ಒಣಗುತ್ತದೆ.

ಸ್ಟಾರ್ಟ್ ಮಾಡುವುದಿಲ್ಲ

ಮೊದಲ ದೊಡ್ಡ ತೀರ್ಮಾನ ಇದೇ ಆಯಿತು. ನಾನು ಮಗಳಿಗೆ ಹೇಳಿದೆ: "ಮೇಡಂ, ಭಾನುವಾರ ಸೆಲ್ಫ್ ಹೊಡೆಯುವುದು ಬೇಡ. ಸ್ಟಾರ್ಟ್ ಆಗಬಹುದು. ಆಗಿ ಮೂರನೇ ಸೆಕೆಂಡಿಗೆ ಎಂಜಿನ್ ಹೋಗಲೂಬಹುದು. ನನಗೆ ಯಾವುದಾಗುತ್ತೆ ಅಂತ ಹೇಳಕ್ಕಾಗಲ್ಲ."

ಬ್ರೋಕರ್‌ಗೆ ಸಿಟ್ಟು ಬಂತು. ಇಷ್ಟು ವರ್ಷ ತಿಂಗಳು ತಿಂಗಳು ಸ್ಟಾರ್ಟ್ ಆಗಿದೆ, ಇನ್ನೊಂದು ಸಲ ಆದರೆ ಏನಾಗುತ್ತೆ ಅಂತ ಅವನ ವಾದ. ತಳ್ಳಿಹಾಕುವ ವಾದವೂ ಅಲ್ಲ ಅದು. ಮಗಳು ಅರ್ಧ ದಿನ ಯೋಚಿಸಿದರು. ಆಮೇಲೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ನಿಮ್ಮದೇ ಕಾರಾಗಿದ್ರೆ ಏನ್ ಮಾಡ್ತಿದ್ರಿ?" ನಾನು ಮುಟ್ಟುತ್ತಿರಲಿಲ್ಲ ಅಂದೆ. ಗಿರಾಕಿ ಹೋದ.

ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟಿದ್ದರಿಂದ ಹಿಂದಿನ ಬ್ರೇಕುಗಳು ಹಿಡಿದುಕೊಂಡಿದ್ದವು. ಚಕ್ರಗಳ ಕೆಳಗೆ ಸಣ್ಣ ಟ್ರಾಲಿ ಕೊಟ್ಟು, ನಾಲ್ಕು ಜನ ಸೇರಿ ತಳ್ಳಿ, ಚಪ್ಪಟೆ ಟ್ರಕ್ಕಿಗೆ ಹತ್ತಿಸಿದೆವು. ಆಗಲೇ ಆರ್‌ಸಿ ಅವಧಿಯೂ ಮುಗಿದಿತ್ತು, ಇನ್ಶೂರೆನ್ಸೂ ಇರಲಿಲ್ಲ. ರಸ್ತೆಗೆ ಚಕ್ರ ಇಳಿಸುವ ಹಾಗೇ ಇರಲಿಲ್ಲ.

ದಾಖಲೆ ಕೆಲಸವನ್ನು ಮಗಳೇ ಓಡಾಡಿ ಮಾಡಿಸಿಕೊಂಡರು. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಬದಲಾಯಿಸಲು ಫಾರಂ 31, ಹದಿನೈದು ವರ್ಷ ಕಳೆದ ಗಾಡಿಯ ಆರ್‌ಸಿ ನವೀಕರಣಕ್ಕೆ ಫಾರಂ 25. 2022ರ ಏಪ್ರಿಲ್‌ನಲ್ಲಿ ಬಂದ ನಿಯಮದಂತೆ ಆಮದು ಕಾರಿನ ನವೀಕರಣ ಶುಲ್ಕವೇ ಆಗ 40,000 ರೂಪಾಯಿ ಇತ್ತು. ಮನೆಯಲ್ಲಿ ಹಳೇ ಕಾರು ಇರುವವರು, ದಯವಿಟ್ಟು ಇವತ್ತೇ ಆರ್‌ಸಿ ತೆಗೆದು ತಾರೀಖು ನೋಡಿ. ತೀರಿಕೊಂಡವರ ಹೆಸರಿನಲ್ಲಿ, ಅವಧಿ ಮುಗಿದ ಕಾಗದ ಇಟ್ಟುಕೊಂಡು ಕಾರು ಸರಿಮಾಡಿಸಿದರೆ ಅದು ಗ್ಯಾರೇಜಿನಿಂದ ಮನೆಗೂ ಬರಲಾರದು.

ಏನು ಮೊದಲು, ಏನು ಆಮೇಲೆ

ಮಗಳಿಗೆ ಮೊದಲು ಒಳಗಿನ ಅಂಟು ಸ್ವಿಚ್ಚುಗಳನ್ನು ಸರಿಮಾಡಿಸುವ ಆಸೆ. ನೋಡಿದವರಿಗೆ ಕಾಣುವುದು ಅದೇ ಅಲ್ವಾ? ನಾನು ಒಂದು ಹಾಳೆಯಲ್ಲಿ ಕೆಲಸಗಳನ್ನು ಮೂರು ಗುಂಪು ಮಾಡಿದೆ. ಪ್ರಾಣಕ್ಕೆ ಸಂಬಂಧಿಸಿದವು: ಬ್ರೇಕು, ಟೈರು, ಪೆಟ್ರೋಲ್ ಪೈಪು. ಎಂಜಿನ್ ಉಳಿಸುವಂಥವು: ಬೆಲ್ಟು, ಆಯಿಲ್, ಕೂಲೆಂಟ್. ಕಣ್ಣಿಗೆ ಕಾಣುವಂಥವು: ಉಳಿದದ್ದೆಲ್ಲ. ದುಡ್ಡು ಮೇಲಿನಿಂದ ಕೆಳಕ್ಕೆ ಇಳಿಯಬೇಕು ಅಂದೆ. ಒಪ್ಪಿದರು.

ಈ ಮಾದರಿಯಲ್ಲಿ ಒಂದು ಅನುಕೂಲ ಇದೆ. ಇದಕ್ಕಿಂತ ಹಿಂದಿನ ಎಫ್355ರಲ್ಲಿ ಬೆಲ್ಟ್ ಬದಲಾಯಿಸಬೇಕಾದರೆ ಎಂಜಿನ್ನನ್ನೇ ಕೆಳಗಿಳಿಸಬೇಕು. 360ರಲ್ಲಿ ಸೀಟು ತೆಗೆದು, ಅದರ ಹಿಂದಿನ ತಗಡು ಬಿಚ್ಚಿದರೆ ಬೆಲ್ಟು ಕಣ್ಣೆದುರೇ ಇರುತ್ತದೆ. ಆದರೂ ವಾಲ್ವುಗಳನ್ನು ತೆರೆಯುವ ನಾಲ್ಕು ಕ್ಯಾಮ್‌ಷಾಫ್ಟುಗಳು ಕೂದಲೆಳೆಯಷ್ಟೂ ಅಲುಗಬಾರದು. ಅವನ್ನು ಹಿಡಿದಿಡುವ ಬ್ಲಾಕುಗಳನ್ನು ಪೀಣ್ಯ ಎರಡನೇ ಹಂತದ ಒಬ್ಬ ಲೇತ್ ಯಜಮಾನರ ಹತ್ತಿರ ಮಾಡಿಸಿದೆವು. ಎರಡು ದಿನ ಅಳತೆ ತೆಗೆದು, ಮೂರನೇ ದಿನ ಕೊಟ್ಟರು. ಅಷ್ಟು ಚೆನ್ನಾಗಿ ಕೂತವು.

ಎಂಜಿನ್ ಬಿಚ್ಚುವ ಮೊದಲು ಪ್ಲಗ್ ತೆಗೆದು, ಆ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಎಂಟೂ ಸಿಲಿಂಡರ್ ಒಳಗೆ ನೋಡಿದೆವು. ಎರಡರಲ್ಲಿ ಗೋಡೆಯ ಮೇಲೆ ತೆಳ್ಳಗೆ ತುಕ್ಕಿನ ಛಾಯೆ. ಸ್ವಲ್ಪ ಆಯಿಲ್ ಬಿಟ್ಟು ಎರಡು ದಿನ ಹಾಗೇ ಇಟ್ಟು, ಸ್ಪ್ಯಾನರ್ ಹಾಕಿ ಪಿಸ್ಟನ್‌ಗಳಿಗೆ ಜೋಡಿಸಿರುವ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿದೆವು. ಎಲ್ಲೂ ತಡೆಯಲಿಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂತು.

ಹಳೆಯ ಬೆಲ್ಟುಗಳು ಹೊರಗೆ ಬಂದವು. ಇಲ್ಲಿ ನಿಜ ಹೇಳಬೇಕು: ನೋಡಲು ಅವು ಚೆನ್ನಾಗಿಯೇ ಇದ್ದವು. ಒಂದು ಬಿರುಕಿಲ್ಲ, ಒಂದು ಹಲ್ಲು ಹೋಗಿಲ್ಲ. ಹಿಂದಕ್ಕೆ ಬಾಗಿಸಿದಾಗ ಮಾತ್ರ ಹೊಸದಕ್ಕಿಂತ ಬಿರುಸು. ಭಾನುವಾರ ಸೆಲ್ಫ್ ಹೊಡೆದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲವೇನೋ. ಆದರೆ ಟೆನ್ಷನರ್ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದಾಗ ಮರಳು ತುಂಬಿದ ಹಾಗೆ ಗರಗರ ಅಂತು. ಅದೇ ಮೊದಲು ಕೈ ಕೊಡುತ್ತಿತ್ತು. ಅದನ್ನು ಮಗಳ ಕೈಗೇ ಕೊಟ್ಟು ತಿರುಗಿಸಿ ನೋಡಿ ಅಂದೆ. ಅವರು ಸುಮ್ಮನೆ ತಿರುಗಿಸುತ್ತಾ ನಿಂತರು. ಆಮೇಲೆ ಯಾವ ಬಿಲ್ಲಿಗೂ ಪ್ರಶ್ನೆ ಬರಲಿಲ್ಲ.

ಅದೇ ಅಳತೆಯ ಬೇರಿಂಗ್ ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಯಲ್ಲಿ ನಾಳೆಯೇ ಸಿಗುತ್ತೆ, ಇಂಗ್ಲೆಂಡಿನಿಂದ ಯಾಕೆ ಅಂತ ನಮ್ಮ ಹುಡುಗ ಕೇಳಿದ. ಅಳತೆ ಒಂದೇ ಇರಬಹುದು. ಆದರೆ 8,500 ಆರ್‌ಪಿಎಂ ಮುಟ್ಟುವ ಎಂಜಿನ್ ಇದು. ಒಳಗಿನ ಗ್ರೀಸು, ಸೀಲು ಆ ಬಿಸಿಗೆ, ಆ ವೇಗಕ್ಕೆ ಆಗುತ್ತೋ ಇಲ್ಲವೋ ಅಂತ ನನಗೆ ಖಾತ್ರಿ ಇರಲಿಲ್ಲ. ಬ್ಲಾಕನ್ನು ಇಲ್ಲಿ ಮಾಡಿಸಿದ್ದೂ ಸರಿ, ಬೇರಿಂಗನ್ನು ಹೊರಗಿನಿಂದ ತರಿಸಿದ್ದೂ ಸರಿ. ಬ್ಲಾಕಿನ ಅಳತೆ ತಪ್ಪಿದ್ದರೆ ಟೇಬಲ್ ಮೇಲೇ ಗೊತ್ತಾಗುತ್ತಿತ್ತು. ಬೇರಿಂಗ್ ತಪ್ಪಾದರೆ ಎಂಜಿನ್ ಹೋದ ಮೇಲಷ್ಟೇ ಗೊತ್ತಾಗುವುದು.

ಸಾಮಾನು ಬರಲು ಆರು ವಾರ ಹಿಡಿಯಿತು. ಕಸ್ಟಮ್ಸ್‌ನಲ್ಲೇ ಹತ್ತು ದಿನ.

ಪೆಟ್ರೋಲ್ ವಾಸನೆ

ಸೆಪ್ಟೆಂಬರ್ ಕೊನೆಯ ವಾರ ಮೊದಲ ಸಲ ಸ್ಟಾರ್ಟ್ ಮಾಡಿದೆವು. ಟ್ಯಾಂಕ್ ಖಾಲಿ ಮಾಡಿ ತೊಳೆದು, ಹೊಸ ಪೆಟ್ರೋಲ್ ಹಾಕಿದ್ದೆವು. ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ ಶುಚಿ ಮಾಡಿದ್ದೆವು. ಮೊದಲು ಸ್ಪಾರ್ಕ್ ಇಲ್ಲದೆ ಬರೀ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಬಂದದ್ದು ನೋಡಿಕೊಂಡು, ಆಮೇಲೆ ಸ್ಟಾರ್ಟ್. ಎರಡನೇ ಸಲಕ್ಕೆ ಹಿಡಿಯಿತು. ಆ ಸದ್ದಿಗೆ ಅಕ್ಕಪಕ್ಕದ ಷೆಡ್ಡಿನವರೂ ಬಂದು ನಿಂತರು.

ನಾಲ್ಕೇ ನಿಮಿಷ. ಮೂಗಿಗೆ ಪೆಟ್ರೋಲ್ ವಾಸನೆ ಬಂತು. ಆಫ್ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆತ್ತಿಕೊಂಡು ಕೆಳಗೆ ಬಗ್ಗಿ ನೋಡಿದರೆ ಹನಿ ಹನಿ ತೊಟ್ಟಿಕ್ಕುತ್ತಿದೆ, ಬಿಸಿ ಎಕ್ಸಾಸ್ಟಿನಿಂದ ಒಂದೂವರೆ ಅಡಿ ದೂರದಲ್ಲಿ.

ಇದು ನನ್ನ ಎರಡನೇ ತಪ್ಪು. ಕಣ್ಣಿಗೆ ಕಂಡ, ಕೈಗೆ ಸಿಕ್ಕ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಾಯಿಸಿದ್ದೆವು. ಒಳಗೆ ಗೇಣುದ್ದದ ಒಂದು ತುಂಡು ಉಳಿದಿತ್ತು. ಅದನ್ನು ತೆಗೆಯಬೇಕಾದರೆ ಇನ್ನೂ ಅರ್ಧ ದಿನದ ಬಿಚ್ಚಾಟ. ಒತ್ತಿ ನೋಡಿದ್ದೆ, ಮೆತ್ತಗಿದೆ, ಪರವಾಗಿಲ್ಲ ಅಂದುಕೊಂಡಿದ್ದೆ. ಹಳೇ ರಬ್ಬರಿನ ಗುಣವೇ ಇದು. ನಿಂತಿರುವಾಗ ಚೆನ್ನಾಗಿರುತ್ತದೆ, ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ಹಳೆಯ ಕಾಲದ ರಬ್ಬರಿಗೆ ಇನ್ನಷ್ಟು ಕಷ್ಟ. ಎಥನಾಲ್ ಗಾಳಿಯ ತೇವ ಹೀರುವುದರಿಂದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನೀರೂ ಸೇರಿಕೊಳ್ಳುತ್ತದೆ.

ಅವತ್ತು ಸಂಜೆಯೇ ಎಲ್ಲ ಬಿಚ್ಚಿ, ಎಥನಾಲಿಗೆ ತಡೆಯುವ ಹೊಸ ಪೈಪು ಹಾಕಿದೆವು. ಪ್ರತಿಯೊಂದು ಕ್ಲ್ಯಾಂಪೂ ಹೊಸದು. ಅಂದಿನಿಂದ ನಮ್ಮ ಗ್ಯಾರೇಜಿನಲ್ಲಿ ಹತ್ತು ವರ್ಷ ದಾಟಿದ ಪೆಟ್ರೋಲ್ ಪೈಪನ್ನು ಒತ್ತಿ ನೋಡುವುದಿಲ್ಲ. ತೆಗೆದು ಬಿಸಾಡುತ್ತೇವೆ.

ನೋಟ್‌ಬುಕ್

ಎಂಜಿನ್ ಸರಿಯಾಯಿತು. ಗೇರ್ ಬೀಳಲಿಲ್ಲ.

ಈ ಕಾರಿನಲ್ಲಿ ಕ್ಲಚ್ ಪೆಡಲ್ ಇಲ್ಲ. ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್. ಅದನ್ನು ಎಳೆದರೆ ಹೈಡ್ರಾಲಿಕ್ ಒತ್ತಡ ಕ್ಲಚ್ ಒತ್ತಿ ಗೇರ್ ಹಾಕುತ್ತದೆ. ಆ ಒತ್ತಡ ಹುಟ್ಟಿಸುವುದು ಒಂದು ಎಲೆಕ್ಟ್ರಿಕ್ ಪಂಪು. ಡ್ರೈವರ್ ಬಾಗಿಲು ತೆರೆದ ಕೂಡಲೇ ಅದು ಗುಯ್ ಅಂತ ಶುರುವಾಗಿ, ಒತ್ತಡ ತುಂಬಿದ ಮೇಲೆ ನಿಲ್ಲಬೇಕು. ನಮ್ಮಲ್ಲಿ ಅದು ನಿಂತು ನಿಂತು ಮತ್ತೆ ಮತ್ತೆ ಶುರುವಾಗುತ್ತಿತ್ತು, ಬೇಗ ಬಿಸಿಯಾಗುತ್ತಿತ್ತು. ಮೀಟರಿನಲ್ಲಿ ಒತ್ತಡ ನಿಲ್ಲುತ್ತಿರಲಿಲ್ಲ. ಬೇರೆ ಊರಿನ ಇಬ್ಬರು ಅನುಭವಸ್ಥರನ್ನು ಫೋನಿನಲ್ಲಿ ಕೇಳಿದೆ. ಇಬ್ಬರೂ ಪಂಪ್ ಹೋಗಿದೆ ಅಂದರು. ಸುಂಕ ಸೇರಿ ಮೂರು ಲಕ್ಷದ ಹತ್ತಿರ. ಆರ್ಡರ್ ಮಾಡೋಣವಾ ಅಂತ ಮಗಳಿಗೆ ಫೋನ್ ಮಾಡಿದೆ.

ಅವರು ಒಂದು ಮಾತು ಹೇಳಿದರು. "ಈ ಸದ್ದಿನ ಬಗ್ಗೆ ಅಣ್ಣ ಏನೋ ಬರೆದಿಟ್ಟಿದ್ರಲ್ಲ?"

ನನಗೆ ಗೊತ್ತೇ ಇರಲಿಲ್ಲ. ಅಣ್ಣ ಈ ಮೂರು ತಿಂಗಳಲ್ಲಿ ಒಂದು ಸಲವೂ ಗ್ಯಾರೇಜಿಗೆ ಬಂದಿರಲಿಲ್ಲ. ಮೊದಲ ದಿನ ನಾನು ಆಡಿದ ಮಾತು ಅವರನ್ನು ಅಲ್ಲೇ ನಿಲ್ಲಿಸಿಬಿಟ್ಟಿತ್ತು. ಯಜಮಾನ್ರ ಕಾರನ್ನು ನಾನೇ ಹಾಳು ಮಾಡಿದೆ ಅಂತ ಮನೆಯಲ್ಲಿ ಕೊರಗುತ್ತಿದ್ದರಂತೆ. ಅವತ್ತೇ ನಾನು ಅವರ ಮನೆಗೆ ಹೋದೆ. ಯಶವಂತಪುರದ ಹತ್ತಿರ ಎರಡು ಕೋಣೆಯ ಮನೆ. "ಅಣ್ಣ, ನೀವು ಹೇಳಿದ ಕೆಲಸ ಹೇಳಿದ ಹಾಗೆ ಮಾಡಿದ್ದೀರಿ. ಸರಿಯಾದ ಕ್ರಮ ನಿಮಗೆ ಯಾರೂ ಹೇಳಿರಲಿಲ್ಲ. ನಾನು ಹಾಗೆ ಅನ್ನಬಾರದಿತ್ತು, ಕ್ಷಮಿಸಿ" ಅಂದೆ. ಅವರು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಇನ್ನೂರು ಪುಟದ ಒಂದು ರಟ್ಟಿನ ನೋಟ್‌ಬುಕ್ ತಂದು ಕೊಟ್ಟರು.

ಹನ್ನೆರಡು ವರ್ಷದ ಲೆಕ್ಕ. ತಿಂಗಳಿಗೊಂದು ಸಾಲು. ತಾರೀಖು, ಎಷ್ಟು ಗಂಟೆ, ಯಾವ ದೀಪ ಹತ್ತಿತು, ಏನು ಸದ್ದು ಬಂತು. ಎಷ್ಟೋ ಸರ್ವಿಸ್ ಸೆಂಟರಿನ ಕಾಗದ ನೋಡಿದ್ದೇನೆ, ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆದದ್ದನ್ನು ನೋಡಿಲ್ಲ.

2016ರಲ್ಲಿ ಬರೆದಿದ್ದರು: "ಪಂಪ್ ಸದ್ದು 5 ನಿಮಿಷದಲ್ಲಿ 2 ಸಲ." 2019ರಲ್ಲಿ: "5 ಸಲ." 2022ರಲ್ಲಿ: "9 ಸಲ." ಹೀಗೆ ವರ್ಷ ವರ್ಷ ಏರುತ್ತಾ ಹೋಗಿತ್ತು. 2023ರ ಫೆಬ್ರವರಿ ಸಾಲು ಹೀಗಿತ್ತು: "ಕಾರು ಆಫ್ ಮಾಡಿದರೂ ಸದ್ದು ನಿಲ್ಲಲಿಲ್ಲ. ಬ್ಯಾಟರಿ ವೈರ್ ಬಿಚ್ಚಿದೆ."

ಎರಡೂ ಉತ್ತರ ಅಲ್ಲೇ ಇದ್ದವು. ಒತ್ತಡವನ್ನು ಕೂಡಿಟ್ಟುಕೊಳ್ಳಲು ಅಕ್ಯುಮುಲೇಟರ್ ಅನ್ನುವ ಒಂದು ಲೋಹದ ಗುಂಡು ಇರುತ್ತದೆ. ಅದರೊಳಗಿನ ಗ್ಯಾಸು ವರ್ಷಗಳು ಕಳೆದಂತೆ ಸೋರುತ್ತದೆ. ಆಗ ಒತ್ತಡ ನಿಲ್ಲದೆ ಪಂಪು ಮತ್ತೆ ಮತ್ತೆ ಓಡಬೇಕಾಗುತ್ತದೆ. ಎರಡು ಸಲದಿಂದ ಒಂಬತ್ತಕ್ಕೆ ನಿಧಾನಕ್ಕೆ ಏರಿದ್ದು ಅದನ್ನೇ ತೋರಿಸುತ್ತಿತ್ತು. ಸದ್ದು ನಿಲ್ಲದೇ ಹೋದದ್ದು ಪಂಪಿಗೆ ಕರೆಂಟ್ ಕೊಡುವ ರಿಲೇ ಅಂಟಿಕೊಂಡದ್ದಕ್ಕೆ. ರಿಲೇ ಹಾಗೇ ಬಿಟ್ಟರೆ ಪಂಪು ಓಡುತ್ತಲೇ ಇದ್ದು ಸುಟ್ಟುಹೋಗುತ್ತದೆ. ಅವತ್ತು ಅಣ್ಣ ವೈರ್ ಬಿಚ್ಚದಿದ್ದರೆ ಪಂಪು ನಿಜವಾಗಿಯೂ ಹೋಗುತ್ತಿತ್ತು. ನಾವು ಹೊಸ ಪಂಪು ಮಾತ್ರ ಹಾಕಿದ್ದರೆ? ಅದೇ ಹಳೇ ರಿಲೇ, ಅದೇ ಸೋರಿದ ಅಕ್ಯುಮುಲೇಟರ್ ಸೇರಿಕೊಂಡು ಮೂರು ಲಕ್ಷದ ಪಂಪನ್ನೂ ತಿಂದು ಹಾಕುತ್ತಿದ್ದವು.

ಅಕ್ಯುಮುಲೇಟರ್, ರಿಲೇ, ಹೊಸ ಹೈಡ್ರಾಲಿಕ್ ಆಯಿಲ್. ಎಲ್ಲ ಸೇರಿ ನಲವತ್ತು ಸಾವಿರದ ಒಳಗೆ ಮುಗಿಯಿತು. ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದು ಪ್ಯಾಡಲ್ ಎಳೆದಾಗ ಗೇರ್ ಬಿತ್ತು. ಪಂಪು ಹಳೆಯದೇ, ಈಗಲೂ ಅದೇ ಇದೆ.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ ಆಗಿತ್ತು ನಮ್ಮದು. ಬೇರೆ ಊರಿಗೆಲ್ಲ ಫೋನ್ ಮಾಡಿದೆ. ಕಾರಿನ ಪಕ್ಕದಲ್ಲೇ ಹನ್ನೆರಡು ವರ್ಷ ನಿಂತವರನ್ನು ಎರಡನೇ ಪ್ರಶ್ನೆ ಕೇಳಲಿಲ್ಲ. ಈಗ ಯಾವುದೇ ಹಳೇ ಕಾರು ಬಂದರೂ ಮೊದಲು ಅದನ್ನು ತೊಳೆಯುವವರನ್ನು, ನಿಲ್ಲಿಸುವವರನ್ನು ಕರೆದು ಕೂರಿಸಿ, ಕಾಫಿ ಕೊಟ್ಟು, ಪೂರ್ತಿ ಕೇಳಿಸಿಕೊಳ್ಳುತ್ತೇನೆ. ನನ್ನ ಅಭಿಪ್ರಾಯ ಆಮೇಲೆ.

ಆಮೇಲೆ

ಟೈರು, ಬ್ರೇಕು, ದಾಖಲೆ ಎಲ್ಲ ಮುಗಿದು ಕಾರು ಮನೆ ಸೇರುವಾಗ 2024ರ ಫೆಬ್ರವರಿ. ಒಟ್ಟು ಖರ್ಚು ಎಂಟು ಲಕ್ಷ ದಾಟಿತು. ಸ್ವಿಚ್ಚುಗಳ ಅಂಟನ್ನು ಕೊನೆಗೆ ಮಗಳು, ಅಣ್ಣ ಇಬ್ಬರೇ ಕೂತು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ ತೆಗೆದರು. ಒಂದು ವಾರ ಹಿಡಿಯಿತಂತೆ.

ನೋಡಿಕೊಳ್ಳುವ ಕ್ರಮ ಬದಲಾಯಿಸಿದೆವು. ತಿಂಗಳ ಐದು ನಿಮಿಷ ನಿಂತಿತು. ಅದರ ಬದಲು ಎರಡು ವಾರಕ್ಕೊಮ್ಮೆ ಭಾನುವಾರ ಬೆಳಗ್ಗೆ ಐದೂವರೆಗೆ ಹೊರಟು, ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ಕಡೆ ಹೋಗಿ, ನಂದಿ ಬೆಟ್ಟದ ಗುಂಪು ಸೇರುವ ಮೊದಲೇ ತಿರುಗಿ ಏಳೂವರೆಗೆ ಮನೆ. ಆಯಿಲ್ ಪೂರ್ತಿ ಬಿಸಿಯಾಗುವ ತನಕ ಮೆಲ್ಲಗೆ, ಆಮೇಲೆ ಅರ್ಧ ಗಂಟೆಯಾದರೂ ಹದವಾದ ಓಟ. ಹೋಗಲಾಗದಿದ್ದರೆ ಸ್ಟಾರ್ಟೇ ಮಾಡುವುದಿಲ್ಲ. ಬ್ಯಾಟರಿಗೆ ಸದಾ ಸಣ್ಣ ಚಾರ್ಜರ್. ಪ್ಲಾಸ್ಟಿಕ್ ಹೊದಿಕೆ ಬಿಟ್ಟು ಗಾಳಿಯಾಡುವ ಬಟ್ಟೆಯ ಹೊದಿಕೆ. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಮರದ ತುಂಡು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಬೆಲ್ಟು ಮತ್ತೆ 2026ರ ಸೆಪ್ಟೆಂಬರಿಗೆ, ಎಷ್ಟೇ ಓಡಿರಲಿ. ಮಳೆಗಾಲದಲ್ಲಿ ಇಲಿ ಕಾಟಕ್ಕೆ ವಾರಕ್ಕೊಮ್ಮೆ ಎಂಜಿನ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುವುದು.

ಮೊದಮೊದಲು ಮಗಳಿಗೆ ಮೀಟರ್ ಏರುವುದೇ ಸಂಕಟ. ಕಿಲೋಮೀಟರ್ ಏರಿದರೆ ಬೆಲೆ ಇಳಿಯುತ್ತೆ ಅಲ್ವಾ ಅಂತ ಕೇಳುತ್ತಿದ್ದರು. ಇಳಿಯುತ್ತೆ, ಸುಳ್ಳು ಹೇಳಲಾರೆ. ಆದರೆ ವರ್ಷಕ್ಕೆ ಸಾವಿರ ಕಿಲೋಮೀಟರ್ ಏರಿದ್ದಕ್ಕೆ ಇಳಿಯುವ ಬೆಲೆಗಿಂತ ಓಡಿಸದೆ ಇಟ್ಟದ್ದಕ್ಕೆ ಬಿದ್ದ ಬಿಲ್ಲು ದೊಡ್ಡದು. ಆ ವರ್ಷ ಬೇಸಿಗೆಯಲ್ಲಿ ಇನ್ನೊಬ್ಬ ಗಿರಾಕಿ ಬಂದರು. ತಿಳಿದವರು. ಬೆಲ್ಟಿನ ಬಿಲ್ಲು, ಪೈಪಿನ ಬಿಲ್ಲು ಎಲ್ಲ ನೋಡಿ, ನೋಟ್‌ಬುಕ್ಕನ್ನು ಬಹಳ ಹೊತ್ತು ಓದಿದರು. ಮೊದಲಿನವನಿಗಿಂತ ಜಾಸ್ತಿಯೇ ಹೇಳಿದರು. ಮಗಳು ಸದ್ಯಕ್ಕೆ ಬೇಡ ಅಂದುಬಿಟ್ಟರು. ಮುಂದೆ ಮಾರಬಹುದು. ಅದು ಅವರ ಇಷ್ಟ.

ಆ ವರ್ಷದ ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ಅಣ್ಣ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದರು. ಅವೆಲ್ಲ ಮುಗಿದ ಮೇಲೆ ಕಾರು ಹಿಂದಕ್ಕೆ ನೆಲಮಾಳಿಗೆಗೆ ಹೋಗಲಿಲ್ಲ. ಮಗಳು ಸ್ಟೀರಿಂಗ್ ಹಿಡಿದರು, ಅಣ್ಣ ಪಕ್ಕದಲ್ಲಿ ಕೂತರು. ಗೇಟಿನ ಹಂಪನ್ನು ಓರೆಯಾಗಿ ದಾಟಿ ರಸ್ತೆಗೆ ಇಳಿದರು.

ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಹೀಗಿದೆ: "46 ಕಿ.ಮೀ. ಮೀಟರ್ 15,030. ಪಂಪ್ ಸದ್ದು 1 ಸಲ. ಪೆಟ್ರೋಲ್ ವಾಸನೆ ಇಲ್ಲ."